ಭಿನ್ನರಾಶಿಗೆ ತಾಳೆ

ತೊಗರ್ಸಿಯ ಸುತ್ತಣ ಹೊಲಗದ್ದೆಗಳ ಲೆಕ್ಕ ಇಂದಿಗೂ ಎಕರೆ, ಗುಂಟೆ, ಆಣೆಗಳಲ್ಲಿಯೇ ನಡೆಯುತ್ತದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 1957ರಲ್ಲಿ ದಶಮಾಂಶ ನಾಣ್ಯಪದ್ಧತಿ ಬಂದ ಮೇಲೆ ರೂಪಾಯಿಯ ಆಣೆ ಮರೆಯಾದರೂ ನೆಲದ ಆಣೆ ಉಳಿದುಕೊಂಡಿದೆ. ಒಂದೆಕರೆ ಗದ್ದೆಯನ್ನು ಮೂವರು ಒಡಹುಟ್ಟಿದವರು ಸಮನಾಗಿ ಹಂಚಿಕೊಳ್ಳುವರೆಂದು ಇಟ್ಟುಕೊಳ್ಳೋಣ. ಒಬ್ಬೊಬ್ಬರಿಗೆ 13 ಗುಂಟೆ 5 ಆಣೆ, ಅದರ ಮೇಲೆ ಆಣೆಯ ಮೂರನೆಯ ಒಂದು ಭಾಗ. ಆ ಉಳಿಕೆಯನ್ನು ಕೈಬಿಟ್ಟು ಬರೆದರೆ ಮೂರು ಪಾಲುಗಳ ಮೊತ್ತ 39 ಗುಂಟೆ 15 ಆಣೆ ಮಾತ್ರ. ಒಂದಾಣೆ ನೆಲ, ಎಂದರೆ ಸುಮಾರು 68 ಚದರಡಿ, ಯಾರ ಹೆಸರಿಗೂ ಸೇರದೆ ಹೋಗುತ್ತದೆ. ಗೇಣಗಲದ ಬದುವಿಗಾಗಿ ಮಾತುಬಿಟ್ಟ ಮನೆತನಗಳನ್ನು ಕಂಡವರಿಗೆ ಇದು ಅಲ್ಪವೆಂದು ತೋರಲಾರದು.

ಇಂತಹ ಲೆಕ್ಕಗಳು ಈಗ ಶಾನುಭೋಗರ ಕಡತದಿಂದ ಗಣಕಯಂತ್ರಕ್ಕೆ ಬಂದಿವೆ. ಯಂತ್ರವು ಮೂರನೆಯ ಒಂದನ್ನು ದಶಮಾಂಶವಾಗಿ ಇಟ್ಟುಕೊಂಡರೆ ಎಲ್ಲಿಯಾದರೂ ಕತ್ತರಿಸಲೇಬೇಕು. ಆದುದರಿಂದ ಅಂಶವನ್ನೂ ಛೇದವನ್ನೂ ಬೇರೆಬೇರೆಯಾಗಿ ಕಾಯ್ದಿಡುವ ಒಂದು ಅಚ್ಚನ್ನು ತಂತ್ರಾಂಶ ಬರೆಯುವವರು ರಚಿಸುತ್ತಾರೆ. ಅದಕ್ಕೆ ಅವರು 'ಕ್ಲಾಸ್' ಎನ್ನುತ್ತಾರೆ. ಶಾಲೆಯ ತರಗತಿಗೂ ಅದಕ್ಕೂ ಸಂಬಂಧವಿಲ್ಲ. ಅದು ಸರಿಯಾಗಿ ನಡೆಯುವುದೇ ಎಂಬುದನ್ನು ಚಿಕ್ಕ ಚಿಕ್ಕ ಪ್ರಶ್ನೆಗಳಿಂದ ಒರೆಹಚ್ಚುವುದೇ 'ಯೂನಿಟ್ ಟೆಸ್ಟ್'. ಎರಡನೆಯ ಒಂದೂ ನಾಲ್ಕನೆಯ ಎರಡೂ ಸಮವೆಂದು ಅದು ಒಪ್ಪುವುದೇ? ಮೂರನೆಯ ಒಂದನ್ನು ಮೂರು ಸಲ ಕೂಡಿದರೆ ಪೂರ್ಣ ಒಂದು ಬರುವುದೇ? ಋಣಚಿಹ್ನೆ ಛೇದದಲ್ಲಿದ್ದರೂ ಅಂಶದಲ್ಲಿದ್ದರೂ ಬೆಲೆ ಒಂದೇ ಎಂದು ತಿಳಿಯುವುದೇ? ಛೇದ ಸೊನ್ನೆಯಾದರೆ ನಿರಾಕರಿಸುವುದೇ? ಉತ್ತರವನ್ನು ಮೊದಲೇ ಬರೆದಿಟ್ಟು, ಅನಂತರ ಯಂತ್ರವನ್ನು ಕೇಳುವುದು ಇದರ ಕ್ರಮ.

ಇದು ನಮ್ಮ ಹಿರಿಯರ 'ತಾಳೆ ನೋಡುವುದು' ಅಲ್ಲದೆ ಬೇರೇನು ಎಂದು ಗಣಿತದ ಅಧ್ಯಾಪಕರು ಕೇಳಬಹುದು. ಬಹುಮಟ್ಟಿಗೆ ನಿಜ. ಆದರೆ ತಾಳೆ ಒಂದು ಲೆಕ್ಕದೊಂದಿಗೆ ಮುಗಿಯುತ್ತದೆ, ಪರೀಕ್ಷೆ ಉಳಿಯುತ್ತದೆ. ವರ್ಷಗಳ ಬಳಿಕ ಮತ್ತೊಬ್ಬನು ಆ ಅಚ್ಚನ್ನು ತಿದ್ದಿದಾಗಲೂ ಅದೇ ಪ್ರಶ್ನೆಗಳು ಮರಳಿ ಎದ್ದು ನಿಲ್ಲುತ್ತವೆ.

ಸೊನ್ನೆಯ ಪ್ರಶ್ನೆಯಂತೂ ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು ಭಿನ್ನರಾಶಿಗಳಿಗೆ 'ಕಲಾಸವರ್ಣ'ವೆಂಬ ಅಧ್ಯಾಯವನ್ನೇ ಮೀಸಲಿಟ್ಟನು. ಛೇದಗಳನ್ನು ಸಮಗೊಳಿಸಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು 'ನಿರುದ್ಧ'ವೆಂದು ಕರೆದು ಬಳಸಿದನು. ಈ ಗ್ರಂಥದ ಕನ್ನಡ ಅನುವಾದವನ್ನು 2000ದಲ್ಲಿ ಪ್ರಕಟಿಸಿದ್ದು ಇದೇ ಶಿವಮೊಗ್ಗ ಜಿಲ್ಲೆಯ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆ. ಅಂತಹ ಮೇಧಾವಿಯೂ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವುದೆಂದು ಹೇಳಿದ್ದಾನೆ. ಐದನ್ನು ಸೊನ್ನೆಯಿಂದ ಭಾಗಿಸಿದರೆ ಐದೇ ಎಂದಾದರೆ, ಐದನ್ನು ಸೊನ್ನೆಯಿಂದ ಗುಣಿಸಿದಾಗಲೂ ಐದು ಬರಬೇಕು, ಬರುವುದು ಸೊನ್ನೆ. ಆಚಾರ್ಯನ ಕೀರ್ತಿಗೆ ಇದರಿಂದ ಕುಂದಿಲ್ಲ. ಆದರೆ ಇಲ್ಲೊಂದು ಎಚ್ಚರಿಕೆಯಿದೆ. ಅದೇ ಸೂತ್ರವನ್ನು ನಂಬಿದವನೇ ಅಚ್ಚನ್ನೂ ಬರೆದು ಪರೀಕ್ಷೆಯನ್ನೂ ಬರೆದಿದ್ದರೆ ಪರೀಕ್ಷೆ ಸರಾಗವಾಗಿ ತೇರ್ಗಡೆಯಾಗುತ್ತಿತ್ತು! ಆದುದರಿಂದ ನಿರೀಕ್ಷಿತ ಉತ್ತರವನ್ನು ಬೇರೆ ಹಾದಿಯಿಂದ ಪಡೆಯಬೇಕು: ಭಾಗಾಕಾರವನ್ನು ಗುಣಾಕಾರದಿಂದ, ಪಾಲನ್ನು ಮೊತ್ತದಿಂದ.

ದಾನಿಗಳ ಔದಾರ್ಯದಿಂದ ಗ್ರಾಮಾಂತರ ಶಾಲೆಗಳಿಗೂ ಗಣಕಯಂತ್ರಗಳು ಬರುತ್ತಿರುವುದು ಸಂತೋಷದ ಸಂಗತಿ. ಅವುಗಳ ಮುಂದೆ ಕುಳಿತ ಮಕ್ಕಳು ಸಿದ್ಧ ಪಾಠಗಳನ್ನು ನಕಲು ಮಾಡಿ ಅಂಕ ಪಡೆಯುವುದಷ್ಟೇ ಆದರೆ ಆ ವೆಚ್ಚ ಸಾರ್ಥಕವಾಗದು. ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿ ಕಲಿತ ಹುಡುಗನಿಗೆ, ಉತ್ತರವೇ ಇಲ್ಲದ ಕಡೆ ಏನನ್ನು ಕೇಳಬೇಕೆಂಬುದು ತೋಚುವುದಿಲ್ಲ. ಹತ್ತು ಲೆಕ್ಕ ಬಿಡಿಸಿದವನಿಗೆ ಕೊಡುವಷ್ಟೇ ಅಂಕವನ್ನು, ಲೆಕ್ಕ ಎಲ್ಲಿ ಮುರಿಯಬಹುದೆಂದು ತೋರಿಸುವ ನಾಲ್ಕು ಪ್ರಶ್ನೆ ಬರೆದವನಿಗೂ ಕೊಡುವುದು ಉಚಿತ. ಇದಕ್ಕೆ ಯಂತ್ರವೂ ಬೇಕಿಲ್ಲ, ಕರಿಹಲಗೆ ಸಾಕು. ಮೊದಲ ಪ್ರಶ್ನೆಗೆ ತೊಗರ್ಸಿಯ ಮಗು ದೂರ ಹೋಗಬೇಕಾಗಿಲ್ಲ. ಮನೆಯ ಪಹಣಿಯನ್ನು ಬಿಚ್ಚಿ, ಪಾಲುಗಳನ್ನೆಲ್ಲ ಕೂಡಿ, ಗದ್ದೆಯ ಒಟ್ಟು ವಿಸ್ತೀರ್ಣ ಬರುವುದೇ ಎಂದು ನೋಡಲಿ.