ಮನೆಯ ಚಿತ್ರಗಳೂ ಸುಲಭದ ಕ್ಯಾಮೆರಾವೂ



ಕೊಡಾಕ್ ಕಂಪೆನಿಯವರು ೨೦೦೧ನೆಯ ಇಸವಿಯಿಂದ ಹೊರಡಿಸಿದ ಈಜಿಶೇರ್ ಎಂಬ ಬಗೆಯ ಪುಟ್ಟ ಡಿಜಿಟಲ್ ಕ್ಯಾಮೆರಾವೊಂದು ನಮ್ಮ ಮನೆಯಲ್ಲಿ ಇನ್ನೂ ಕೆಲಸ ಮಾಡುತ್ತಲಿದೆ. ಕಳೆದ ರಜೆಯಲ್ಲಿ ಅದನ್ನು ಪುನಃ ಪರೀಕ್ಷಿಸಿ ನೋಡಿದೆನು. ಎಂಬತ್ತು ದಾಟಿದ ನಮ್ಮ ಅತ್ತೆಯವರು ಕಾಲು ಗಂಟೆಯೊಳಗಾಗಿ ಅದನ್ನು ಕಲಿತರು. ಒಂದು ಗುಂಡಿಯನ್ನೊತ್ತಿದರೆ ಚಿತ್ರ. ಇನ್ನೊಂದನ್ನೊತ್ತಿದರೆ ಆ ಚಿತ್ರವನ್ನು ಅಚ್ಚುಹಾಕಿಸಬೇಕೋ, ಈಮೇಲಿನಲ್ಲಿ ಕಳುಹಿಸಬೇಕೋ ಎಂಬ ಗುರುತು. ಜೊತೆಗೆ ಬರುವ ಪೀಠದ ಮೇಲಿರಿಸಿ ಅದರ ಗುಂಡಿಯನ್ನೊತ್ತಿದರೆ ಚಿತ್ರಗಳು ಕಂಪ್ಯೂಟರಿಗೆ ಇಳಿಯುವುವು. ಚಿತ್ರ ತೆಗೆಯುವುದು ಗಂಡಸರ ಕೆಲಸವೆಂದಿದ್ದ ಮನೆಗಳಲ್ಲಿ ತಾಯಂದಿರ ಕಣ್ಣಿಗೆ ಬಿದ್ದ ತೊಟ್ಟಿಲು, ಅಡಿಗೆಮನೆಗಳೂ ಚಿತ್ರಕ್ಕೆ ಬಂದುದು ಬಹುಮಟ್ಟಿಗೆ ಇಂಥ ಯಂತ್ರಗಳ ಉಪಕಾರವೆಂದೇ ನನ್ನ ಅಭಿಪ್ರಾಯ.

ಆದರೆ ಸುಲಭವಾಗಿ ಹಂಚಿದುದು ಹಾಗೆಯೇ ಉಳಿದೀತೆಂಬ ನೆಚ್ಚಿಕೆ ನನಗಿಲ್ಲ. ಚಿತ್ರಗಳನ್ನಿಡಲು ಅದೇ ಕಂಪೆನಿಯವರು ಇಂಟರ್ನೆಟ್ಟಿನಲ್ಲಿ ನಡೆಸುತ್ತಿದ್ದ ಗ್ಯಾಲರಿಯು ೨೦೧೨ರಲ್ಲಿ ಮುಚ್ಚಿತು. ಡಿಜಿಟಲ್ ಕ್ಯಾಮೆರಾ ತಯಾರಿಕೆಯನ್ನೂ ಅವರು ಆ ವರ್ಷವೇ ಕೈಬಿಟ್ಟರು. ಈಗಲಾದರೋ ಕ್ಯಾಮೆರಾವು ಮೊಬೈಲಿನೊಳಗೆ ಸೇರಿಕೊಂಡಿದೆ, ಚಿತ್ರಗಳು ಸಾವಿರಾರು. ಬೇರೆಡೆ ಪ್ರತಿಯಿಡದಿದ್ದರೆ, ಮೊಬೈಲು ಬಾವಿಗೆ ಬಿದ್ದ ದಿನ ಮಗುವಿನ ಮೊದಲ ವರ್ಷವೇ ಹೋಯಿತು!

ನಮ್ಮ ಅಜ್ಜಿಯ ಮದುವೆಯ ಚಿತ್ರವು ಒಂದೇ ಒಂದು. ಅದು ಇಂದಿಗೂ ಗೋಡೆಯ ಮೇಲಿದೆ. ಆದರೆ ಮದುಮಗಳ ಪಕ್ಕದಲ್ಲಿ ನಿಂತ ಹುಡುಗಿಯ ಹೆಸರನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ. ಆದುದರಿಂದ ವರ್ಷಕ್ಕೆ ಹನ್ನೆರಡು ಚಿತ್ರಗಳನ್ನಾದರೂ ಆರಿಸಿ, ಅಚ್ಚುಹಾಕಿಸಿ, ಆಲ್ಬಮ್ಮಿನಲ್ಲಿ ಅಂಟಿಸಿ, ಅದರಲ್ಲಿರುವ ಪ್ರತಿಯೊಬ್ಬರ ಹೆಸರು, ಊರು, ಇಸವಿಗಳನ್ನು ಕೆಳಗೆ ಬರೆದಿಡಬೇಕೆಂದು ನನ್ನ ಬಿನ್ನಹ. ಬರೆಯುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಹೆಸರುಗಳು ಅವರಿಗೇ ಗೊತ್ತು.