ಸೌಹಾರ್ದ ಪಂದ್ಯದ ಮುನ್ನಾದಿನದ ಲೆಕ್ಕ

ಫುಟ್ಬಾಲ್‌ನಲ್ಲಿ ಸೌಹಾರ್ದ ಪಂದ್ಯವೆಂದರೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಗೆದ್ದರೆ ಕಪ್ ಸಿಗುವುದಿಲ್ಲ, ಸೋತರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಮರಳಬೇಕಾಗಿಲ್ಲ. ತರಬೇತುದಾರ ನಾಲ್ಕು ಹೊಸ ಹುಡುಗರನ್ನು ಆಡಿಸಿ ನೋಡುತ್ತಾನೆ, ದೊಡ್ಡ ಆಟಗಾರರು ಅರ್ಧ ಹೊತ್ತು ಆಡಿ ಹೊರಬರುತ್ತಾರೆ. ವಿಶ್ವ ಕ್ರಮಾಂಕದ ಲೆಕ್ಕದಲ್ಲೂ ಅದರ ಬೆಲೆ ಕಡಿಮೆ. 2018ರಲ್ಲಿ ಫಿಫಾ ಜಾರಿಗೆ ತಂದ ಪದ್ಧತಿಯಂತೆ ವಿಶ್ವಕಪ್ ಅರ್ಹತಾ ಪಂದ್ಯದ ತೂಕ 25. ಫಿಫಾ ಗೊತ್ತುಪಡಿಸಿದ ದಿನಗಳಲ್ಲಿ ನಡೆಯುವ ಸೌಹಾರ್ದ ಪಂದ್ಯಕ್ಕೆ 10, ಆ ದಿನಗಳ ಹೊರಗೆ ನಡೆದರೆ ಬರೀ 5. ಪಂದ್ಯದ ಮುನ್ನಾದಿನ ಪತ್ರಿಕೆಗಳು ಬರೆಯುವುದೂ ಅಷ್ಟೇ. ಯಾರ ಮೊಣಕಾಲಿಗೆ ನೋವು, ಯಾರಿಗೆ ವಿಶ್ರಾಂತಿ, ಮುಂಚೂಣಿಯಲ್ಲಿ ಒಬ್ಬನೇ ಇಬ್ಬರೇ ಎಂಬ ಚರ್ಚೆ.

ಇದೇ ಲೆಕ್ಕವನ್ನು ಫೆಲೆಸ್ತೀನ್ ತಂಡಕ್ಕೆ ಹಾಕಿ ನೋಡಿ. 2025ರ ನವೆಂಬರ್ 15ರಂದು ಆ ತಂಡ ಸ್ಪೇನ್‌ನ ಬಿಲ್ಬಾವೊ ನಗರದ ಸಾನ್ ಮಾಮೆಸ್ ಕ್ರೀಡಾಂಗಣದಲ್ಲಿ ಬಾಸ್ಕ್ ಪ್ರಾಂತದ ತಂಡದ ಎದುರು ಆಡಿತು. ಮೂರು ದಿನ ಕಳೆದು ಬಾರ್ಸಿಲೋನಾದಲ್ಲಿ ಕ್ಯಾಟಲೋನಿಯಾದ ಎದುರು. ಈ ಎರಡು ಪ್ರಾಂತಗಳಿಗೂ ಫಿಫಾ ಸದಸ್ಯತ್ವವಿಲ್ಲ. ಆದ್ದರಿಂದ ಮೇಲೆ ಹೇಳಿದ ಹತ್ತು, ಐದರ ತೂಕವೂ ಆ ಪಂದ್ಯಗಳಿಗಿರಲಿಲ್ಲ. ಕಾಗದದ ಮೇಲೆ ಸೊನ್ನೆ. ಆದರೂ ಆ ದಿನ ಬಿಲ್ಬಾವೊದಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು.

ಆ ಪಂದ್ಯದ ಮುನ್ನಾದಿನ ತಂಡದ ಸ್ಥಿತಿ ಹೇಗಿತ್ತು? 2023ರ ಅಕ್ಟೋಬರ್‌ನಿಂದಲೇ ದೇಶದೊಳಗಿನ ಲೀಗ್ ನಿಂತುಹೋಗಿತ್ತು. ಗಾಝಾದ ಯರ್ಮೂಕ್ ಕ್ರೀಡಾಂಗಣವನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಇಸ್ರೇಲ್ ಸೈನ್ಯ ಬಂಧಿತರನ್ನು ಕೂಡಿಹಾಕುವ ಜಾಗವಾಗಿ ಮಾಡಿಕೊಂಡಿತ್ತು; ಮುಂದೆ ಅಲ್ಲಿ ನಿರಾಶ್ರಿತರ ಡೇರೆಗಳೆದ್ದವು. ಒಲಿಂಪಿಕ್ ತಂಡದ ತರಬೇತುದಾರ ಹಾನಿ ಅಲ್ ಮಸ್ದರ್ 2024ರ ಜನವರಿಯಲ್ಲಿ ವೈಮಾನಿಕ ದಾಳಿಯಲ್ಲಿ ಮಡಿದರು. ರಾಷ್ಟ್ರೀಯ ತಂಡಕ್ಕೆ 24 ಪಂದ್ಯಗಳನ್ನಾಡಿದ್ದ ಸುಲೈಮಾನ್ ಅಲ್ ಉಬೈದ್ 2025ರ ಆಗಸ್ಟ್ 6ರಂದು ಗಾಝಾದ ದಕ್ಷಿಣ ಭಾಗದಲ್ಲಿ ನೆರವಿನ ಆಹಾರಕ್ಕಾಗಿ ಕಾಯುತ್ತಿದ್ದಾಗ ಕೊಲ್ಲಲ್ಪಟ್ಟರೆಂದು ಅಲ್ಲಿನ ಫುಟ್ಬಾಲ್ ಸಂಸ್ಥೆ ತಿಳಿಸಿತು. ಐದು ಮಕ್ಕಳ ತಂದೆ. 2010ರಲ್ಲಿ ಯೆಮನ್ ವಿರುದ್ಧ ಗಾಳಿಯಲ್ಲಿ ತಿರುಗಿ ಕತ್ತರಿ ಒದೆತದಲ್ಲಿ ಅವರು ಹೊಡೆದ ಗೋಲನ್ನು ನೋಡಿದವರು ಮರೆತಿಲ್ಲ. ಯುರೋಪಿನ ಫುಟ್ಬಾಲ್ ಒಕ್ಕೂಟ ಸಾವಿನ ಕಾರಣವನ್ನೇ ಹೇಳದೆ ಸಂತಾಪ ಸೂಚಿಸಿದಾಗ, ಅವರು ಹೇಗೆ, ಎಲ್ಲಿ, ಯಾಕೆ ಸತ್ತರೆಂದು ಹೇಳುವಿರಾ ಎಂದು ಮುಹಮ್ಮದ್ ಸಲಾಹ್ ಬಹಿರಂಗವಾಗಿ ಕೇಳಿದ್ದು ನೆನಪಿರಬಹುದು.

ಇನ್ನು ತಂಡದ ತರಬೇತುದಾರ ಇಹಾಬ್ ಅಬೂ ಜಝರ್. ಗಾಝಾದವರು. ಯುದ್ಧದಲ್ಲಿ ಅವರ ಮನೆ ನೆಲಸಮವಾಯಿತು, ತಾಯಿ ಡೇರೆಗೆ ಬಂದರು. ಅನ್ನಕ್ಕೇ ಪರದಾಡುವ ಸ್ಥಿತಿಯಲ್ಲೂ ಮಗನ ತಂಡದ ಪಂದ್ಯ ನೋಡಲು ಆ ತಾಯಿ ಏನಾದರೂ ದಾರಿ ಹುಡುಕುತ್ತಾರೆ ಎಂದು ಅವರೇ ಹೇಳಿಕೊಂಡಿದ್ದರು.

ಇಷ್ಟು ಓದಿದರೆ ಯಾರಿಗಾದರೂ ಕಣ್ಣು ತುಂಬುತ್ತದೆ. ನಮ್ಮ ಮನೆಗಳಲ್ಲಿ ಫೆಲೆಸ್ತೀನ್ ಎಂದೊಡನೆ ಬರುವುದೂ ಅದೇ: ಕಣ್ಣೀರು ಮತ್ತು ದುಆ. ಎರಡೂ ಇರಲಿ. ಆದರೆ ಮೈದಾನಕ್ಕಿಳಿದ ಹುಡುಗನಿಗೆ ಕನಿಕರದ ಚಪ್ಪಾಳೆ ಒಂದು ಬಗೆಯ ಅವಮಾನವೂ ಆಗಬಹುದು. ಅವನು ಅಲ್ಲಿಗೆ ಬಂದದ್ದು ಪಾಪದವನು ಎನಿಸಿಕೊಳ್ಳಲಿಕ್ಕಲ್ಲ, ಆಡಲಿಕ್ಕೆ. ಅವನ ಆಟ ಹೇಗಿದೆ ಎಂದು ಯಾರೂ ಕೇಳುವುದೇ ಇಲ್ಲವಲ್ಲ! ಈ ತಿಂಗಳು ನನಗೆ ಹೇಳಬೇಕಾಗಿರುವುದು ಅದನ್ನು.

ಮೊದಲು ತಂಡ ಕೂಡಿ ಬರುವ ಕಥೆಯನ್ನು ಸ್ವಲ್ಪ ನೋಡೋಣ. ಅದು ಗೊತ್ತಿಲ್ಲದೆ ಆಟದ ಬೆಲೆ ತಿಳಿಯುವುದಿಲ್ಲ. ಫೆಲೆಸ್ತೀನ್‌ಗೆ ಫಿಫಾ ಸದಸ್ಯತ್ವ ಸಿಕ್ಕಿದ್ದು 1998ರಲ್ಲಿ. ಆಮೇಲೆ ಹತ್ತು ವರ್ಷ ಅದಕ್ಕೆ ತಾಯ್ನೆಲದಲ್ಲಿ ಒಂದೇ ಒಂದು ಅಂತಾರಾಷ್ಟ್ರೀಯ ಪಂದ್ಯ ಆಡಿಸುವ ಭಾಗ್ಯವಿರಲಿಲ್ಲ. ತವರು ಪಂದ್ಯವೆಂದರೆ ಕತರ್‌ನ ದೋಹಾ. ಅಭ್ಯಾಸವೆಂದರೆ ಈಜಿಪ್ಟ್‌ನ ಇಸ್ಮಾಯಿಲಿಯ. ಗಾಝಾದ ಆಟಗಾರನೂ ಪಶ್ಚಿಮ ದಂಡೆಯ ಆಟಗಾರನೂ ಒಂದೇ ಅಂಗಿ ತೊಡುವವರು. ಆದರೆ ಒಬ್ಬರನ್ನೊಬ್ಬರು ನೋಡಲು ಮೂರನೆಯ ದೇಶಕ್ಕೆ ಹೋಗಬೇಕು. ಜೊತೆಗೆ ಚಿಲಿಯಿಂದ ಬಂದವರು. ಅಲ್ಲಿನ ಸಾಂಟಿಯಾಗೊದಲ್ಲಿ ಫೆಲೆಸ್ತೀನ್ ವಲಸಿಗರು 1920ರಲ್ಲಿ ಕಟ್ಟಿದ ಪಲೆಸ್ಟೀನೊ ಎಂಬ ಕ್ಲಬ್ಬಿದೆ. ಆ ಕಡೆಯ ಹುಡುಗರ ಬಾಯಲ್ಲಿ ಸ್ಪ್ಯಾನಿಷ್, ಗಾಝಾದವರ ಬಾಯಲ್ಲಿ ಅರಬಿ. ಚೆಂಡು ಕೊಡು ಎಂದು ಕೂಗುವುದು ಯಾವ ಭಾಷೆಯಲ್ಲಿ?

2007ರ ಅಕ್ಟೋಬರ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದ ಮೊದಲ ಸುತ್ತಿನಲ್ಲಿ ಸಿಂಗಾಪುರದ ಎದುರು ದೋಹಾದಲ್ಲಿ ನಾಲ್ಕು ಗೋಲುಗಳಿಂದ ಸೋತ ತಂಡ, ಮರುಪಂದ್ಯಕ್ಕೆ ಸಿಂಗಾಪುರಕ್ಕೆ ಹೋಗಲೇ ಇಲ್ಲ. ಗಾಝಾದ 18 ಮಂದಿ ಆಟಗಾರರು ಮತ್ತು ಅಧಿಕಾರಿಗಳಿಗೆ ಹೊರಬರಲು ಅನುಮತಿ ಸಿಗಲಿಲ್ಲ. ಫಿಫಾ ಪಂದ್ಯವನ್ನು 3-0 ಎಂದು ಸಿಂಗಾಪುರಕ್ಕೆ ಬರೆದುಕೊಟ್ಟಿತು. ದಾಖಲೆ ಪುಸ್ತಕದಲ್ಲಿ ಅದೂ ಒಂದು ಸೋಲು! ಮಹ್ಮೂದ್ ಸರ್ಸಕ್ ಎಂಬ ಆಟಗಾರ 2009ರಲ್ಲಿ ಪಶ್ಚಿಮ ದಂಡೆಯ ಕ್ಲಬ್ಬೊಂದನ್ನು ಸೇರಲು ಗಾಝಾದಿಂದ ಹೊರಟವನು ಗಡಿಯಲ್ಲೇ ಬಂಧಿತನಾದ. ಮೂರು ವರ್ಷ ವಿಚಾರಣೆಯಿಲ್ಲದ ಸೆರೆವಾಸ. ಸುಮಾರು ಮೂರು ತಿಂಗಳ ಉಪವಾಸ ಸತ್ಯಾಗ್ರಹದ ಬಳಿಕ 2012ರ ಜುಲೈಯಲ್ಲಿ ಬಿಡುಗಡೆ.

ಅದಕ್ಕೇ 2008ರ ಅಕ್ಟೋಬರ್ 26ರ ಪಂದ್ಯ ಅಷ್ಟು ದೊಡ್ಡದಾಯಿತು. ಜೆರುಸಲೇಮ್ ಪಕ್ಕದ ಅಲ್ ರಾಮ್ ಎಂಬ ಊರು, ಹತ್ತಿರದಲ್ಲೇ ಹಾದುಹೋಗುವ ಇಸ್ರೇಲಿನ ಗೋಡೆ, ಹೊಸದಾಗಿ ಕಟ್ಟಿದ ಫೈಸಲ್ ಅಲ್ ಹುಸೈನಿ ಕ್ರೀಡಾಂಗಣ. ಎದುರಾಳಿ ಜೋರ್ಡನ್. ಅದೂ ಸೌಹಾರ್ದ ಪಂದ್ಯವೇ. ಅಹ್ಮದ್ ಕಶ್ಕಶ್ ಗೋಲು ಹೊಡೆದರು, ಪಂದ್ಯ 1-1ರಲ್ಲಿ ಮುಗಿಯಿತು. ಅತಿಥಿಯನ್ನು ತನ್ನ ಮನೆಗೆ ಕರೆದು ಆಡಿಸಿದ ಮೊದಲ ದಿನವದು. ಮನೆಗೆ ಅತಿಥಿ ಬರುವುದೆಂದರೇನು ಎಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಸೌದಿ ಅರೇಬಿಯಾದ ಹಿರಿಯರ ತಂಡ ಅದೇ ಅಲ್ ರಾಮ್‌ಗೆ ಕಾಲಿಡಲು 2019ರ ಅಕ್ಟೋಬರ್ ಬರಬೇಕಾಯಿತು. ಆ ಪಂದ್ಯ ಗೋಲಿಲ್ಲದೆ ಸಮವಾಯಿತು.

ಈಗ ಆಟದ ವಿಷಯ.

ಇದು ಗೋಲುಗಳ ಮಳೆ ಸುರಿಸುವ ತಂಡವಲ್ಲ. ಇದರ ಬಲವಿರುವುದು ಹಿಂದಿನ ಸಾಲಿನಲ್ಲಿ, ಬಿಟ್ಟುಕೊಡದ ಹಠದಲ್ಲಿ. 2014ರ ಮೇ 30ರಂದು ಮಾಲ್ಡೀವ್ಸ್‌ನ ಮಾಲೆಯಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಗೆದ್ದದ್ದೂ ಒಂದೇ ಗೋಲಿನಿಂದ. ಫಿಲಿಪ್ಪೀನ್ಸ್ ವಿರುದ್ಧ ಅಶ್ರಫ್ ನುಅಮಾನ್ ಹೊಡೆದ ಫ್ರೀ ಕಿಕ್. ಅದರಿಂದಲೇ ಮೊದಲ ಬಾರಿಗೆ ಏಷ್ಯಾ ಕಪ್ ಬಾಗಿಲು ತೆರೆಯಿತು. ಅದೇ ವರ್ಷದ ಅಕ್ಟೋಬರ್ 6ರಂದು, ನಮ್ಮಲ್ಲಿ ಬಕ್ರೀದ್ ಹಬ್ಬದ ದಿನ, ಈ ತಂಡ ಸಿಲಿಗುರಿಯಲ್ಲಿ ಭಾರತದ ಎದುರು ಸೌಹಾರ್ದ ಪಂದ್ಯವಾಡಿ 3-2ರಿಂದ ಗೆದ್ದಿತು. 2015ರ ಏಷ್ಯಾ ಕಪ್‌ನಲ್ಲಿ ಮಾತ್ರ ಮೂರೂ ಪಂದ್ಯಗಳಲ್ಲಿ ಸೋಲು. ಹನ್ನೊಂದು ಗೋಲು ಬಿಟ್ಟುಕೊಟ್ಟು ಹೊಡೆದದ್ದು ಒಂದೇ. 2019ರಲ್ಲಿ ಸಿರಿಯಾ ಮತ್ತು ಜೋರ್ಡನ್ ಎದುರು ಗೋಲಿಲ್ಲದ ಎರಡು ಸಮಪಂದ್ಯ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ತಂಡ 2024ರ ಜನವರಿಯಲ್ಲಿ ಕತರ್‌ನಲ್ಲಿ ಹಾಂಕಾಂಗ್ ತಂಡವನ್ನು 3-0ರಿಂದ ಸೋಲಿಸಿತು. ಏಷ್ಯಾ ಕಪ್‌ನಲ್ಲಿ ಅದರ ಮೊತ್ತಮೊದಲ ಗೆಲುವು. ಎರಡು ಗೋಲು ಉದೈ ದಬ್ಬಾಗ್ ಅವರದ್ದು. ಜೆರುಸಲೇಮಿನ ಹಳೆಯ ಪಟ್ಟಣದ ಹುಡುಗ, ಪೋರ್ಚುಗಲ್ ಮತ್ತು ಬೆಲ್ಜಿಯಂನಲ್ಲಿ ಆಡಿ 2025ರಲ್ಲಿ ಈಜಿಪ್ಟ್‌ನ ಝಮಾಲಿಕ್ ಸೇರಿದವರು. ಅಂತಿಮ ಹದಿನಾರರ ಘಟ್ಟದಲ್ಲಿ ಆತಿಥೇಯ ಕತರ್ ವಿರುದ್ಧವೂ ಮೊದಲ ಗೋಲು ಅವರದ್ದೇ. ಪಂದ್ಯ 2-1ರಲ್ಲಿ ಕೈತಪ್ಪಿತು.

ಇದೇ ಪಂದ್ಯಾಟದಲ್ಲಿ ನಮ್ಮ ಭಾರತ ತಂಡವೂ ಇತ್ತು ಎಂಬುದನ್ನು ಮರೆಯಬೇಡಿ. ಮೂರು ಪಂದ್ಯ, ಮೂರು ಸೋಲು, ಒಂದೂ ಗೋಲಿಲ್ಲ. ನಮಗೆ ಲೀಗ್ ಇತ್ತು, ಮೈದಾನವಿತ್ತು, ಪ್ರಾಯೋಜಕರಿದ್ದರು. ಇರಲಿ, ಅದು ಬೇರೆಯೇ ಕಥೆ.

2024ರ ಸೆಪ್ಟೆಂಬರ್‌ನಲ್ಲಿ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು ಆರಂಭವಾದಾಗ ಸೋಲ್ ನಗರದಲ್ಲಿ ದಕ್ಷಿಣ ಕೊರಿಯಾವನ್ನು ಗೋಲಿಲ್ಲದೆ ತಡೆದು ನಿಲ್ಲಿಸಿದ್ದು ಇದೇ ತಂಡ. ನವೆಂಬರ್‌ನಲ್ಲಿ ಅಮ್ಮಾನ್‌ನಲ್ಲಿ ಮತ್ತೆ 1-1. 2025ರ ಮಾರ್ಚ್‌ನಲ್ಲಿ ಇರಾಕ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಎರಡು ಗೋಲು ಹೊಡೆದು 2-1ರ ಗೆಲುವು. ಜೂನ್‌ನಲ್ಲಿ ಕುವೈತ್‌ನಲ್ಲಿ 2-0. ಒಮಾನ್ ಒಂದನ್ನು ಸೋಲಿಸಿದರೆ ನಾಲ್ಕನೇ ಸುತ್ತು. ಜೂನ್ 10ರಂದು ಅಮ್ಮಾನ್‌ನಲ್ಲಿ ಒಂದು ಗೋಲಿನ ಮುನ್ನಡೆ, ಎದುರಾಳಿಗಳು ಹತ್ತೇ ಮಂದಿ. 97ನೇ ನಿಮಿಷ. ಒಮಾನ್‌ಗೆ ಪೆನಾಲ್ಟಿ. 1-1. ಅಲ್ಲಿಗೆ ವಿಶ್ವಕಪ್‌ನ ಕನಸು ಮುಗಿಯಿತು.

ಆ ಪೆನಾಲ್ಟಿಯ ಬಗ್ಗೆ ಬಹಳ ವಾದ ನಡೆಯಿತು. ನನಗನಿಸುವುದೇನೆಂದರೆ, ತೀರ್ಪುಗಾರನನ್ನು ದೂರುವುದು ಸುಲಭ. ಹತ್ತು ಮಂದಿಯ ಎದುರು ಎರಡನೇ ಗೋಲು ಹುಡುಕದೆ ತೀರಾ ಹಿಂದೆ ಸರಿದದ್ದು ತಂಡದ್ದೇ ದೌರ್ಬಲ್ಯ. ಲೀಗ್ ಇಲ್ಲದ ದೇಶದ ಆಟಗಾರನ ಕಾಲು 80 ನಿಮಿಷದ ಬಳಿಕ ಭಾರವಾಗುತ್ತದೆ. ವಾರವಾರ ಪಂದ್ಯವಾಡುವವನ ಉಸಿರು ಬೇರೆ, ಶಿಬಿರದಲ್ಲಿ ಓಡಿ ಅಭ್ಯಾಸ ಮಾಡಿದವನ ಉಸಿರು ಬೇರೆ. ಇದು ಕನಿಕರದ ಮಾತಲ್ಲ, ದೇಹದ ಲೆಕ್ಕ. ಇಂಥ ತಂಡಕ್ಕೆ ಸೌಹಾರ್ದ ಪಂದ್ಯವೆಂದರೆ ಬಿಡುವಿನ ಆಟವಲ್ಲ. ನಿಂತುಹೋದ ಲೀಗಿನ ಜಾಗದಲ್ಲಿ ಸಿಗುವ ತೊಂಬತ್ತು ನಿಮಿಷ ಅದು.

ಎರಡನೆಯ ದೌರ್ಬಲ್ಯ, ಗೋಲು ಹೊಡೆಯುವವರು ಕಡಿಮೆ. ದಬ್ಬಾಗ್ ಬಿಟ್ಟರೆ ಹೆಸರಿಸಬಹುದಾದವರು ಡೆನ್ಮಾರ್ಕ್‌ನಲ್ಲಿ ಹುಟ್ಟಿ ಬೆಳೆದ ವಿಸಾಮ್ ಅಬೂ ಅಲಿ. ಈಜಿಪ್ಟ್‌ನ ಅಲ್ ಅಹ್ಲಿಯ ಪರವಾಗಿ 2025ರ ಕ್ಲಬ್ ವಿಶ್ವಕಪ್‌ನಲ್ಲಿ ಪೋರ್ಚುಗಲ್‌ನ ಪೋರ್ಟೊ ವಿರುದ್ಧ ಮೂರು ಗೋಲು ಹೊಡೆದವರು.

ಹಾಗಾದರೆ ಬಿಲ್ಬಾವೊದಲ್ಲಿ ಏನಾಯಿತು? ಸೋಲು, 3-0. ಸ್ಪೇನ್‌ನ ದೊಡ್ಡ ಲೀಗಿನಲ್ಲಿ ಪಳಗಿದವರ ಎದುರು ಅದು ಅಚ್ಚರಿಯಲ್ಲ. ಬಾರ್ಸಿಲೋನಾದಲ್ಲಿ ಅಂತರ ಕಡಿಮೆಯಾಯಿತು, 2-1. ನಮ್ಮ ಪತ್ರಿಕೆಗಳಲ್ಲಿ ಬಂದದ್ದು ಬಹುತೇಕ ಧ್ವಜಗಳ, ಪ್ರೇಕ್ಷಕರ ಚಿತ್ರಗಳು. ಆಟದ ಬಗ್ಗೆ ಎರಡು ಸಾಲು ಹುಡುಕಿದರೂ ಸಿಗಲಿಲ್ಲ. ಆದರೆ ಆ ಎರಡು ಸೋಲಿನ ಫಲ ವಾರ ಕಳೆಯುವಷ್ಟರಲ್ಲಿ ಕಾಣಿಸಿತು. ಲಿಬಿಯಾವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಅರಬ್ ಕಪ್‌ಗೆ ಪ್ರವೇಶ. ಡಿಸೆಂಬರ್ 1ರಂದು ಆತಿಥೇಯ ಕತರ್ ವಿರುದ್ಧ 1-0. ಹೆಚ್ಚುವರಿ ನಿಮಿಷಗಳಲ್ಲಿ ಕತರ್ ಆಟಗಾರನ ಕಾಲಿಗೆ ತಾಗಿಯೇ ಚೆಂಡು ಬಲೆ ಸೇರಿತು. ಟ್ಯುನೀಶಿಯಾದ ಎದುರು ಎರಡು ಗೋಲು ಹಿಂದೆ ಬಿದ್ದು 2-2. ಸಿರಿಯಾದೊಂದಿಗೆ 0-0. ಕ್ವಾರ್ಟರ್ ಫೈನಲ್‌ನಲ್ಲಿ ಸೌದಿ ಅರೇಬಿಯಾಕ್ಕೆ ಇವರನ್ನು ಮಣಿಸಲು 90 ನಿಮಿಷ ಸಾಕಾಗಲಿಲ್ಲ. 115ನೇ ನಿಮಿಷದಲ್ಲಿ ಮುಹಮ್ಮದ್ ಕನ್ನೊ ತಲೆಯಿಂದ ಹೊಡೆದ ಗೋಲು ಬೇಕಾಯಿತು.

ಸೌದಿಯಲ್ಲಿ ನಡೆಯುವ 2027ರ ಏಷ್ಯಾ ಕಪ್‌ಗೂ ಈ ತಂಡ ಅರ್ಹತೆ ಗಳಿಸಿಕೊಂಡಿದೆ. ಇನ್ನೊಂದು ಸೌಹಾರ್ದ ಪಂದ್ಯಕ್ಕೆ ಇವರು ಇಳಿದಾಗ ನಿಮ್ಮ ಮನೆಯ ಹುಡುಗರು ಟಿ.ವಿ. ಮುಂದೆ ಕೂತರೆ ಬೈಯಬೇಡಿ, ನೀವೂ ಸ್ವಲ್ಪ ಹೊತ್ತು ಕೂತುಕೊಳ್ಳಿ. ಧ್ವಜವನ್ನು ಆಮೇಲೆ ನೋಡಿದರಾಯಿತು. 80ನೇ ನಿಮಿಷ ದಾಟಿದ ಮೇಲೆ ಅವರ ರಕ್ಷಣಾ ಸಾಲು ಮುಂದಕ್ಕೆ ಬರುತ್ತದೆಯೋ, ಹಿಂದಕ್ಕೆ ಸರಿಯುತ್ತದೆಯೋ ನೋಡಿ. ದಬ್ಬಾಗ್ ಬಳಿಗೆ ಚೆಂಡು ಬಂದಾಗ ಪಕ್ಕದಲ್ಲಿ ಇನ್ನೊಬ್ಬ ಓಡಿ ಬರುತ್ತಾನೋ ಇಲ್ಲವೋ, ಅದನ್ನೂ ನೋಡಿ.