ಬರುವ ಹಣಕ್ಕೆ ಆರತಿ, ಹೋಗುವ ಹಣಕ್ಕೆ ಆಕ್ಷೇಪ

ನಮ್ಮವರ ನೀತಿಶಾಸ್ತ್ರದಲ್ಲಿ ಒಂದು ವಿಚಿತ್ರವಾದ ಅಧ್ಯಾಯವಿದೆ. ಪರದೇಶಕ್ಕೆ ಹೋದ ಮಗ ಊರಿಗೆ ಹಣ ಕಳಿಸಿದರೆ ಅವನು ಕುಲದೀಪಕ. ಅದೇ ಮಗ, ಊರಿನಲ್ಲಿ ತಾನು ದುಡಿದು ಕೂಡಿಟ್ಟಿದ್ದ ಗಂಟನ್ನು ತಾನೀಗ ನೆಲೆಸಿರುವಲ್ಲಿಗೆ ಒಯ್ಯುತ್ತೇನೆ ಎಂದರೆ ಅವನು ದೇಶದ್ರೋಹಿ. ಹಣ ಒಂದೇ, ದುಡಿದ ಕೈಯೂ ಒಂದೇ. ಬದಲಾದದ್ದು ಹಣ ಹರಿಯುವ ದಿಕ್ಕು ಮಾತ್ರ. ದಿಕ್ಕು ಬದಲಾಯಿಸಿದ ಮಾತ್ರಕ್ಕೆ ಪುಣ್ಯವು ಪಾಪವಾಗುವುದಾದರೆ, ಅದನ್ನು ನೀತಿ ಎನ್ನುವುದಕ್ಕಿಂತ ಸ್ವಾರ್ಥ ಎಂದು ಕರೆಯುವುದೇ ಲೇಸು.

ಈ ಮಾತು ಬೆಂಗಳೂರಿಗೆ ಮಾತ್ರ ಸಲ್ಲತಕ್ಕದ್ದು, ಕಾಡಿನ ನಡುವಿನ ತಾಲೂಕುಗಳಿಗೆ ಇದರ ಗೊಡವೆ ಏಕೆ ಎಂದು ಕೆಲವು ವಾಚಕರು ಕೇಳಬಹುದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳನ್ನು ಬಲ್ಲವರು ಹಾಗೆ ಕೇಳಲಾರರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರಖಾನೆಯು ದಾಂಡೇಲಿಗೆ ನಾಲ್ಕು ದಿಕ್ಕಿನ ಜನರನ್ನು ತಂದಿತು. ಅಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಈಗ ಸಮುದ್ರದಾಚೆಯೂ ಇದ್ದಾರೆ. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟ್ಟಿನ ನಿರಾಶ್ರಿತರು ನೆಲೆಗೊಂಡರು. ಭಾರತ, ನೇಪಾಳಗಳಲ್ಲಿದ್ದ ಟಿಬೆಟಿಯನ್ನರಿಗಾಗಿ ಅಮೆರಿಕವು 1990ರ ಕಾಯಿದೆಯಲ್ಲಿ ಒಂದು ಸಾವಿರ ವೀಸಾಗಳನ್ನು ಮೀಸಲಿಟ್ಟ ಮೇಲೆ, ಇಂಥ ನಿರಾಶ್ರಿತ ಕ್ಯಾಂಪುಗಳ ಎಷ್ಟೋ ಕುಟುಂಬಗಳಿಗೆ ನ್ಯೂಯಾರ್ಕು ನೆರೆಯೂರಾಯಿತು. ಹಳಿಯಾಳದ ರೈತನ ಮಗಳು ಟೊರಾಂಟೋದಲ್ಲಿ ಮನೆ ಕೊಳ್ಳಹೊರಟರೆ ಇಂದು ಯಾರೂ ಮೂಗಿನ ಮೇಲೆ ಬೆರಳಿಡುವುದಿಲ್ಲ. ಆದರೆ ಆ ಮನೆಗಾಗಿ ಇಲ್ಲಿ ಬಿಟ್ಟುಹೋದ ತನ್ನ ಉಳಿತಾಯವನ್ನು ಆಕೆ ಕೇಳಿದಾಗ ಹುಬ್ಬುಗಳು ಮೇಲೇರುತ್ತವೆ.

ಗಡಿಯಾಚೆ ಸಿಕ್ಕಿಬಿದ್ದ ಗಂಟಿನ ಗತಿ ಏನೆಂಬುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಜೋಯಿಡಾದ ಪಕ್ಕದ ಗೋವೆ 1961ರ ಡಿಸೆಂಬರಿನವರೆಗೆ ಪರದೇಶವಾಗಿತ್ತು. ಕ್ಯಾಸಲ್‌ರಾಕ್ ಗಡಿಯ ಸ್ಟೇಷನ್ನು; ಅನಮೋಡದ ಘಟ್ಟ ಇಳಿದರೆ ಪೋರ್ಚುಗೀಜರ ಆಳಿಕೆ. ಗೋವೆಯ ಸಾಮಾನ್ಯ ಜನರು ಸಾಲಕ್ಕಾಗಿ ತಮ್ಮ ಒಡವೆಗಳನ್ನು ಬಾಂಕೊ ನಾಸಿಯೊನಾಲ್ ಉಲ್ಟ್ರಮಾರಿನೊ ಎಂಬ ಪೋರ್ಚುಗೀಜ್ ಬ್ಯಾಂಕಿನಲ್ಲಿ ಅಡವಿಟ್ಟಿದ್ದರು. ವಿಮೋಚನೆಗೆ ಮುಂಚೆ ಆ ಬಂಗಾರ ಲಿಸ್ಬನ್ನಿಗೆ ಹೋಯಿತು. ಭಾರತಕ್ಕೆ ಅದು ಮರಳಿದ್ದು 1991ರಲ್ಲಿ. ಮೂವತ್ತು ವರ್ಷ! ಮದುವೆಗೆಂದು ಮಾಡಿಸಿದ ಸರ ಮೊಮ್ಮಗಳ ಮದುವೆಗೂ ಒದಗಲಿಲ್ಲ. ಮುಂಡಗೋಡದ ಹಿರಿಯರನ್ನು ವಿಚಾರಿಸಿದರೆ ಇನ್ನೊಂದು ಕಥೆ ಸಿಕ್ಕೀತು: ಟಿಬೆಟ್ಟಿನ ನೋಟುಗಳು 1959ರಲ್ಲಿ ಬರಿಯ ಕಾಗದಗಳಾದವು. ದೇಶ ಬಿಟ್ಟವನ ಉಳಿತಾಯವನ್ನು ಸಕಾಲದಲ್ಲಿ ದಾಟಿಸದೆ ಹೋದರೆ ಅದು ಉಳಿತಾಯವಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಷ್ಟು ದೊಡ್ಡ ಆಪತ್ತು ಬರಬೇಕೆಂದೇನೂ ಇಲ್ಲ. ಸುಮ್ಮನೆ ಕಾಲ ಸರಿದರೂ ಸಾಕು. ಮುಂಡಗೋಡದ ಕ್ಯಾಂಪು ಹುಟ್ಟಿದ 1966ರಲ್ಲೇ, ಜೂನ್ ತಿಂಗಳಿನಲ್ಲಿ, ನಮ್ಮ ರೂಪಾಯಿಯ ಬೆಲೆ ಒಂದೇ ಏಟಿಗೆ ಡಾಲರಿಗೆ 4.76ರಿಂದ 7.50ಕ್ಕೆ ಇಳಿಯಿತು. 2022ರಲ್ಲಿ ಡಾಲರು 80 ರೂಪಾಯಿಯನ್ನು ದಾಟಿತು. ಡಾಲರಿನಲ್ಲಿ ಬಾಡಿಗೆ ಕಟ್ಟಿ ಡಾಲರಿನಲ್ಲಿ ಬದುಕಬೇಕಾದವನಿಗೆ, ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಕಳೆದ ಪ್ರತಿಯೊಂದು ವರ್ಷವೂ ಹೊರಿಸಿದ ಒಂದು ಅದೃಶ್ಯ ತೆರಿಗೆ.

ಎದುರಾಳಿಗಳ ವಾದ ಟೊಳ್ಳಲ್ಲ. ಅದನ್ನು ಗೌರವದಿಂದಲೇ ಕೇಳೋಣ. ಇವರನ್ನು ಓದಿಸಿದ್ದು ನಾಡಿನ ತೆರಿಗೆಯ ಹಣ, ಫಲ ಮಾತ್ರ ಪರರಿಗೆ ಎಂಬುದು ಮೊದಲನೆಯದು. ಸರಕಾರಿ ಶಾಲೆ ಕಾಲೇಜುಗಳಲ್ಲಿ ಓದಿದವರಿಗೆ ನಾಡಿನ ಋಣವಿದೆ, ನಿಜ. ಆದರೆ ಆ ಋಣವನ್ನು ಯಾರಿಂದ, ಯಾವ ಲೆಕ್ಕದಿಂದ ವಸೂಲು ಮಾಡಬೇಕು? ಇಲ್ಲಿ ದುಡಿದಷ್ಟು ಕಾಲ ಅವರು ತೆರಿಗೆ ತೆತ್ತಿದ್ದಾರೆ. ತೆರಿಗೆ ಕಳೆದು ಉಳಿದದ್ದೇ ಉಳಿತಾಯ. ಅದರ ಮೇಲೆ ಊರಿನವರ ಮುನಿಸು ಇನ್ನೊಂದು ತೆರಿಗೆಯಾಗಿ ಕೂಡಬಾರದು. ಋಣ ತೀರಿಸಬೇಕೆನ್ನುವವರು ದುಡ್ಡಿನ ಗಂಟನ್ನು ಒತ್ತೆಯಾಗಿ ಹಿಡಿಯುವುದು ಸಾಹುಕಾರನ ರೀತಿ. ತಾಯ್ನಾಡಿನ ರೀತಿ ಅದಲ್ಲ.

ಎರಡನೆಯದು ವಿದೇಶೀ ವಿನಿಮಯದ ವಾದ. ಒಂದು ಕಾಲದಲ್ಲಿ ಇದಕ್ಕೆ ಬಲವಿತ್ತು. ಪರದೇಶಕ್ಕೆ ಹೊರಟವನ ಜೇಬಿನಲ್ಲಿ ಎಂಟು ಡಾಲರಿಗಿಂತ ಹೆಚ್ಚಿರದ ಕಾಲವದು. 1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆಯು ನಿಯಮ ಮೀರಿದವರನ್ನು ಅಪರಾಧಿಗಳೆಂದೇ ಕಂಡಿತು. 1991ರ ಜುಲೈಯಲ್ಲಿ ದೇಶವು 47 ಟನ್ನಿನಷ್ಟು ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡವಿಡಬೇಕಾಯಿತು. ಅದಕ್ಕೆ ಮುಂಚೆ ಅನಿವಾಸಿಗಳು ತಮ್ಮ ಠೇವಣಿಗಳನ್ನು ಹಿಂತೆಗೆದದ್ದೂ ಆ ಸಂಕಟಕ್ಕೆ ಒಂದು ಕಾರಣವೇ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪೋಖರಣದ ಸ್ಫೋಟದ ಬಳಿಕ ಪಶ್ಚಿಮದ ದೇಶಗಳು ಮುಖ ತಿರುಗಿಸಿದಾಗ, 1998ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕು ‘ರಿಸರ್ಜೆಂಟ್ ಇಂಡಿಯಾ ಬಾಂಡು’ಗಳನ್ನು ಹೊರಡಿಸಿ ಕೈಚಾಚಿದ್ದು ಇದೇ ಅನಿವಾಸಿಗಳ ಮುಂದೆ. ಅವರು ಕೊಟ್ಟದ್ದು ನಾಲ್ಕು ಶತಕೋಟಿ ಡಾಲರಿಗೂ ಮಿಕ್ಕಿ. 2000ದಲ್ಲಿ ಮತ್ತೆ ಕೇಳಿದೆವು, ಮತ್ತೆ ಕೊಟ್ಟರು. ಬೇಕಾದಾಗ ಬಾಂಧವರು, ಬೇಡವಾದಾಗ ದ್ರೋಹಿಗಳು! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಇಂದಿನ ಲೆಕ್ಕವನ್ನೂ ನೋಡೋಣ. ರಿಸರ್ವ್ ಬ್ಯಾಂಕಿನ ಪ್ರಕಾರ 2023–24ರಲ್ಲಿ ಪರದೇಶಗಳಿಂದ ಭಾರತದ ಮನೆಗಳಿಗೆ ಬಂದ ಹಣ 118.7 ಶತಕೋಟಿ ಡಾಲರ್. ಅದೇ ವರ್ಷ ಇಲ್ಲಿಯೇ ವಾಸಿಸುವ ನಮ್ಮ ಜನರು ಉದಾರೀಕೃತ ಯೋಜನೆಯಡಿ ಹೊರಗೆ ಕಳಿಸಿದ್ದು 31.7 ಶತಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾದದ್ದು ಪ್ರವಾಸಕ್ಕೆ. ಸಿಂಗಪುರ ನೋಡಿಬಂದ ದಂಪತಿಗಳನ್ನು ನಾವು ದೇಶದ್ರೋಹಿಗಳೆನ್ನುತ್ತೇವೆಯೆ? ಅವರ ಫೋಟೋ ನೋಡಿ ಚಹಾ ಕುಡಿದು ಬರುತ್ತೇವೆ. ಮೋಜಿಗೆ ಹೋದ ಡಾಲರು ನಿರ್ದೋಷಿ, ಬದುಕು ಕಟ್ಟಲು ಹೋದ ಡಾಲರು ಅಪರಾಧಿ ಎಂಬ ತೀರ್ಪು ಯಾವ ನ್ಯಾಯಾಲಯದ್ದು?

ಕಾಯಿದೆಯ ತೀರ್ಪಂತೂ ಅದಲ್ಲ. 1999ರ ವಿದೇಶೀ ವಿನಿಮಯ ನಿರ್ವಹಣೆ ಕಾಯಿದೆಯು 2000ದ ಜೂನ್ 1ರಂದು ಜಾರಿಗೆ ಬಂದಾಗಲೇ ಹಳೆಯ ಧೋರಣೆ ಮುಗಿಯಿತು. ದೇಶ ಬಿಟ್ಟು ನೆಲೆಸಿದವನು ತನ್ನ ಸಾಮಾನ್ಯ ಖಾತೆಯನ್ನು ಅನಿವಾಸಿ ಖಾತೆಯಾಗಿ, ಅಂದರೆ ‘ಎನ್‌ಆರ್‌ಓ’ ಎಂಬುದಾಗಿ, ಬದಲಾಯಿಸಿಕೊಳ್ಳಬೇಕು. ಇಲ್ಲಿನ ಬಾಡಿಗೆ, ಪಿಂಚಣಿ, ಆಸ್ತಿ ಮಾರಿದ ಹಣ ಅದರಲ್ಲಿ ಜಮೆಯಾಗುತ್ತವೆ. ಸಲ್ಲತಕ್ಕ ತೆರಿಗೆ ಕಟ್ಟಿದ ಮೇಲೆ ಅನಿವಾಸಿ ಭಾರತೀಯನು ಅದರಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರಿನವರೆಗೆ ಹೊರಗೆ ಒಯ್ಯಬಹುದು. ಪರದೇಶದಲ್ಲಿ ದುಡಿದು ಇಲ್ಲಿಟ್ಟ ‘ಎನ್‌ಆರ್‌ಇ’ ಖಾತೆಯ ಹಣವಂತೂ ಅಸಲು ಬಡ್ಡಿ ಸಮೇತ ನಿರಾತಂಕವಾಗಿ ಮರಳಬಹುದು. ಪಿತ್ರಾರ್ಜಿತವಾದ ಹೊಲ ಅನಿವಾಸಿಗೆ ಬರಬಹುದು. ಹೊಸದಾಗಿ ಸಾಗುವಳಿ ಜಮೀನು ಕೊಳ್ಳಲಾಗದು. ಮಾರುವುದಾದರೆ ಇಲ್ಲಿಯೇ ವಾಸಿಸುವ ಭಾರತೀಯ ಪ್ರಜೆಗೆ ಮಾರಬೇಕು. ಹಳಿಯಾಳ, ಮುಂಡಗೋಡಗಳ ಒಕ್ಕಲುತನದ ಮನೆಗಳಿಗೆ ಇಷ್ಟು ತಿಳಿದಿದ್ದರೆ ಅಣ್ಣತಮ್ಮಂದಿರ ಎಷ್ಟೋ ಜಗಳಗಳು ಹೊಸ್ತಿಲಲ್ಲೇ ನಿಲ್ಲುತ್ತಿದ್ದವು.

ತಿಳಿದಿಲ್ಲವೇಕೆ? ಕನ್ನಡ ಕಲಿಸುವ ಮಾಸ್ತರನಿಗೆ ಹಣಕಾಸಿನ ಉಸಾಬರಿ ಏಕೆ ಎನ್ನುವವರಿಗೆ ನನ್ನ ಉತ್ತರ ಇಲ್ಲಿದೆ. ಈ ಬಾಗಿಲುಗಳ ಮೇಲೆ ಬರೆದಿರುವುದೆಲ್ಲ ಇಂಗ್ಲಿಷಿನಲ್ಲಿ. ಮಗ ಮೆಲ್ಬೋರ್ನಿನಲ್ಲಿ, ಜಂಟಿ ಖಾತೆಯ ಪಾಸ್‌ಬುಕ್ಕು ಮುದುಕನ ಕೈಯಲ್ಲಿ. ಕೌಂಟರಿನವರು “ಅಜ್ಜಾರ, ಇದು ಇಲ್ಲಿ ಆಗೂದಿಲ್ರೀ, ಹುಬ್ಬಳ್ಳಿಗೆ ಹೋಗ್ರಿ” ಎನ್ನುತ್ತಾರೆ. ಮುದುಕ ಮನೆಗೆ ಬಂದು ಮಗನಿಗೆ ಫೋನಿನಲ್ಲಿ, “ಇರ್ಲಿ ಬಿಡೋ, ಹ್ಯಾಂಗೈತಿ ಹಾಂಗ ಇರ್ಲಿ” ಎನ್ನುತ್ತಾನೆ. ಖಾತೆ ಇದ್ದ ಹಾಗೆಯೇ ಇರುತ್ತದೆ. ತನಗೆ ಅರಿವಿಲ್ಲದೆಯೇ ಅವನ ಮಗ ನಿಯಮ ಮೀರಿದವನಾಗುತ್ತಾನೆ. ಮುದುಕ ಕಣ್ಣು ಮುಚ್ಚಿದ ಮೇಲೆ ತೊಡಕು ಬಯಲಿಗೆ ಬರುತ್ತದೆ. ಗ್ರಾಹಕರಿಗೆ ಕೊಡುವ ಅಚ್ಚಾದ ಕಾಗದಪತ್ರಗಳು ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ಪ್ರಾಂತದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ 2015ರ ಗ್ರಾಹಕ ಸೇವೆಯ ಸುತ್ತೋಲೆಯಲ್ಲಿ ಸ್ಪಷ್ಟವಾಗಿತ್ತು. ಠೇವಣಿ ತುಂಬುವ ಚೀಟಿಯಲ್ಲಿ ಕನ್ನಡ ಕಂಡೀತು. ಅನಿವಾಸಿ ಖಾತೆಯ ಫಾರ್ಮಿನಲ್ಲಿ, ಹಣ ಹೊರಗೆ ಕಳಿಸುವ ಅರ್ಜಿಯಲ್ಲಿ ಕಂಡವರುಂಟೆ? ಹಣ ಒಳಗೆ ಬರುವಾಗ ಕನ್ನಡ, ಹೊರಗೆ ಹೋಗುವಾಗ ಇಂಗ್ಲಿಷ್! ನಮ್ಮ ಎರಡು ಬಗೆ ಭಾಷೆಯಲ್ಲೂ ಮೈದಾಳಿದೆ. ಮನೆಯಲ್ಲಿ ಕೊಂಕಣಿ, ಮರಾಠಿ ಆಡುವ ಜೋಯಿಡಾ, ಹಳಿಯಾಳದವರೂ ಕನ್ನಡದಲ್ಲಿ ತಹಶೀಲ್ದಾರರ ಕಚೇರಿಯ ಕೆಲಸ ಮಾಡಿಸಿಕೊಳ್ಳಬಲ್ಲರು. ಬ್ಯಾಂಕಿನ ಈ ಒಂದು ಮೂಲೆಯಲ್ಲಿ ಅವರೆಲ್ಲ ನಿರಕ್ಷರಿಗಳು.

ಮುಂಡಗೋಡದ ಟಿಬೆಟಿಯನ್ನನ ಪಾಡು ಇನ್ನೂ ಬಿಗಿ. ಈ ನಿಯಮಗಳೆಲ್ಲ ಮುಖ್ಯವಾಗಿ ಭಾರತದ ಪ್ರಜೆಯನ್ನೂ ಭಾರತೀಯ ಮೂಲದವನನ್ನೂ ಕಣ್ಣೆದುರಿಗಿಟ್ಟುಕೊಂಡು ಬರೆದವು. ನೋಂದಣಿ ಪತ್ರವೊಂದನ್ನೇ ಗುರುತಾಗಿ ಹಿಡಿದು ಇಲ್ಲಿ ಬಾಳಿದವನು, ತನ್ನ ಹಣ ಯಾವುದು ಎಂದು ಹೇಳುವುದಕ್ಕೆ ಮುಂಚೆ ತಾನು ಯಾರು ಎಂಬುದನ್ನೇ ವಿವರಿಸಬೇಕು. ಅರವತ್ತು ವರ್ಷ ನಮ್ಮ ಸಂತೆಯಲ್ಲಿ ಕೊಂಡು ಮಾರಿ, ನಮ್ಮ ಮಣ್ಣಿನಲ್ಲಿ ಮೆಕ್ಕೆಜೋಳ ಬೆಳೆದವರಿಗೆ ಈ ಪ್ರಶ್ನೆ ಶೋಭಿಸುವುದಿಲ್ಲ.

ದಾರಿ ಇಷ್ಟು ಮುಳ್ಳಾದರೆ ಜನ ಕಳ್ಳದಾರಿ ಹಿಡಿಯುವುದು ಸಹಜ. ಒಂದು ಫೋನು ಸಾಕು, ಹವಾಲದವನು ರಾತ್ರಿ ಬೆಳಗಾಗುವುದರೊಳಗೆ ಹಣ ಮುಟ್ಟಿಸುತ್ತಾನಂತೆ. ವಲಸೆ ಹೋದ ಗೆಳೆಯರಿಗೂ ಒಂದು ಕಠಿಣ ಮಾತು ಹೇಳಲೇಬೇಕು: ಹಕ್ಕಿನ ಹಣವನ್ನು ಕಳ್ಳನ ಕೈಗೆ ಕೊಟ್ಟವನು ಹಕ್ಕನ್ನೂ ಕೊಟ್ಟಂತೆ. ಸಿಕ್ಕಿಬಿದ್ದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ. ಅದಕ್ಕಿಂತ ಹೆಚ್ಚಾಗಿ, ಪ್ರಾಮಾಣಿಕನಾದ ಮುಂದಿನವನ ಮೇಲೆ ಬೀಳುವ ಸಂಶಯಕ್ಕೆ ಇವನೇ ಹೊಣೆ. ವಿಮಾನ ಹತ್ತುವ ಮುಂಚೆ ಮಾಡಬೇಕಾದ ಖಾತೆಯ ವ್ಯವಸ್ಥೆಯನ್ನು ಹತ್ತು ವರ್ಷ ಬಿಟ್ಟು ಮುದಿ ತಂದೆಯ ಹೆಗಲಿಗೆ ಹೊರಿಸುವುದೂ ಮಕ್ಕಳ ಲಕ್ಷಣವಲ್ಲ.

ಕೇಳುವುದು ಹೆಚ್ಚೇನೂ ಅಲ್ಲ. ಅನಿವಾಸಿ ಖಾತೆಯ ಫಾರ್ಮುಗಳು ಕನ್ನಡದಲ್ಲಿ ಬರಲಿ. ಈ ನಾಲ್ಕು ತಾಲೂಕುಗಳಲ್ಲಿ ತಿಂಗಳಿಗೊಂದು ದಿನ, ಬಲ್ಲವರೊಬ್ಬರು ಕುಳಿತು ಮನೆಯವರಿಗೆ ವಿವರಿಸಲಿ. ಹುಬ್ಬಳ್ಳಿಯ ದಾರಿ ತೋರಿಸುವ ಪರಿಪಾಠ ನಿಲ್ಲಲಿ. ಟಿಬೆಟಿಯನ್ನರ ಉಳಿತಾಯಕ್ಕೆ ಸ್ಪಷ್ಟವಾದ ಒಂದು ಬರಹದ ನಿಯಮವಿರಲಿ. ಇವು ಕಚೇರಿಗಳ ಕೆಲಸ. ನಮ್ಮ ಕೆಲಸ ಇದಕ್ಕಿಂತ ಸುಲಭ, ಪುಕ್ಕಟೆ ಕೂಡ: ಮನೆ ಬಿಟ್ಟು ಹೋದ ಮಗಳಿಗೆ ಆಕೆಯ ಪೆಟ್ಟಿಗೆಯನ್ನು ಎತ್ತಿಕೊಡುವಷ್ಟು ಮರ್ಯಾದೆ. ಪೆಟ್ಟಿಗೆಯನ್ನು ಹಿಡಿದಿಟ್ಟುಕೊಂಡ ತವರಿಗೆ ಮಗಳು ಎಷ್ಟು ಸಲ ಬಂದಾಳು?